ಪುಟ್ಟ ಮಕ್ಕಳಿಗೆ ಸೂಪರ್‌ಹೀರೋ ಕಾಮಿಕ್ಸ್ ತರಿಸುವ ಮುಂಚೆ ಬಾರ್‌ಕೋಡ್ ಹತ್ತಿರ ನೋಡಿ

ಈಗಷ್ಟೇ ಓದಲು ಕಲಿಯುತ್ತಿರುವ ಮಕ್ಕಳಿಗೆ ಸೂಪರ್‌ಹೀರೋ ಕಾಮಿಕ್ಸ್ ತರಿಸಬೇಕು ಅಂತಿದ್ದೀರಾ? ದಯವಿಟ್ಟು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ.

ನನ್ನ ಮಗನಿಗೆ ಆರು ವರ್ಷ. ಬ್ಯಾಟ್‌ಮ್ಯಾನ್ ಅಂದ್ರೆ ಪ್ರಾಣ. ಇಂಗ್ಲಿಷ್ ಪುಸ್ತಕ ಕಂಡರೆ ಓಡುವವನು ಈ ನೆಪದಲ್ಲಾದರೂ ಓದಲಿ ಅಂತ ಆನ್‌ಲೈನ್‌ನಲ್ಲಿ ಎಂಟು ಪುಸ್ತಕದ ಸೆಟ್ ತರಿಸಿದೆ. 1,400 ರೂಪಾಯಿ. ‘3ರಿಂದ 8 ವರ್ಷ, ಹೊಸದಾಗಿ ಓದುವವರಿಗೆ’ ಅಂತ ಹಾಕಿದ್ದರು. ನಾನು ಜಾಸ್ತಿ ಯೋಚಿಸಲಿಲ್ಲ. ನಮ್ಮಪ್ಪ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಓದಿ ಬೆಳೆದವರು. ನಮ್ಮ ಮನೆಯಲ್ಲಿ ಕಾಮಿಕ್ಸ್ ಅಂದ್ರೆ ಮಕ್ಕಳದ್ದೇ.

ಮೊದಲ ದಿನವೇ ಮಗ ಸೋತ. ಅಮೆರಿಕದ ಹೆಚ್ಚಿನ ಕಾಮಿಕ್ಸ್‌ನಲ್ಲಿ ಮಾತೆಲ್ಲ ಕ್ಯಾಪಿಟಲ್ ಅಕ್ಷರದಲ್ಲೇ ಇರುತ್ತದೆ. ಹಿಂದೆ ಮಾತುಗಳನ್ನು ಕೈಯಲ್ಲೇ ಬರೆಯುತ್ತಿದ್ದಾಗ, ಅಗ್ಗದ ಕಾಗದದಲ್ಲೂ ಅಕ್ಷರ ಸ್ಪಷ್ಟವಾಗಿ ಮೂಡಲಿ ಅಂತ ಶುರುವಾದ ರೂಢಿ. ನಮ್ಮ ಮಕ್ಕಳು ಪದ ಓದಲು ಕಲಿಯುವುದು ಸಣ್ಣಕ್ಷರದಲ್ಲಿ. ಶಾಲೆಯ ಪುಸ್ತಕದಲ್ಲಿ ‘ದ’ ಅಂತ ಪಟ್ಟನೆ ಓದುವವನು ಇಲ್ಲಿ ಬೆರಳಿಟ್ಟು ‘ಟಿ... ಎಚ್... ಇ...’ ಅಂತ ಹೇಳಿ ನಿಂತ. ಒಂದು ಕಡೆ ಚಿತ್ರ ಎರಡು ಪುಟಕ್ಕೂ ಹರಡಿತ್ತು, ಎರಡೂ ಪುಟ ಸೇರಿಸಿ ಅಡ್ಡಕ್ಕೆ ಓದಬೇಕಿತ್ತು. ಅವನು ಎಡಪುಟ ಪೂರ್ತಿ ಕೆಳಗಿಳಿದು ಬಲಕ್ಕೆ ಬಂದ. ಕತೆ ತಲೆಕೆಳಗಾಯಿತು. ‘ನಂಗೆ ಓದೋಕೆ ಬರಲ್ಲ ಅಮ್ಮ’ ಅಂದ. ಓದಿನ ಆಸೆ ಹುಟ್ಟಲಿ ಅಂತ ತಂದಿದ್ದಲ್ವಾ ನಾನು?

ಅದಾದರೂ ಸಹಿಸಬಹುದಿತ್ತು. ಐದನೇ ಪುಸ್ತಕದಲ್ಲಿ ಒಬ್ಬನನ್ನು ಕುರ್ಚಿಗೆ ಕಟ್ಟಿ ಹಾಕಿ ಹೊಡೆಯುವ ಚಿತ್ರವಿತ್ತು. ನೆಲದ ಮೇಲೆ ರಕ್ತ, ರಕ್ತದಲ್ಲಿ ಒಂದು ಹಲ್ಲು. ಆಗ ಮಗನ ಮುಂದಿನ ಹಾಲುಹಲ್ಲು ಅಲ್ಲಾಡುತ್ತಿತ್ತು. ಆವತ್ತಿನಿಂದ ಬಾಯಿ ಮುಟ್ಟಲು ಬಿಡಲಿಲ್ಲ. ಬ್ರಶ್ ಕಂಡರೂ ಅಳು. ರಾತ್ರಿ ಎದ್ದು ‘ಆ ಮಾಮನ ಹಲ್ಲು ಯಾರು ಕಿತ್ತಿದ್ದು?’ ಅಂತ ಕೇಳುತ್ತಿದ್ದ.

ಪುಸ್ತಕದ ಹಿಂದೆ ಬಾರ್‌ಕೋಡ್ ಪಕ್ಕದಲ್ಲಿ ಮಾರಿದವರು ಬೆಲೆಯ ಚೀಟಿ ಅಂಟಿಸಿದ್ದರು. ಉಗುರಿನಿಂದ ಕೆರೆದೆ. ಅಡಿಯಲ್ಲಿ 17+ ಅಂತ ಅಚ್ಚಾಗಿತ್ತು. ಪ್ರಕಾಶಕರು ಸರಿಯಾಗಿಯೇ ಹಾಕಿದ್ದರು, ಮಾರಿದವರು ಮುಚ್ಚಿದ್ದರು. ಫೋನ್ ಮಾಡಿದರೆ ‘ಪ್ಯಾಕ್ ಬಿಚ್ಚಿದ್ದೀರಿ, ವಾಪಸ್ ತಗೊಳ್ಳಲ್ಲ ಮೇಡಂ’ ಅಂದರು.

ಆಮೇಲೆ ತಿಳಿದುಕೊಂಡೆ. 1980ರ ದಶಕದಿಂದ ಸೂಪರ್‌ಹೀರೋ ಕತೆಗಳಲ್ಲಿ ಎಷ್ಟೋ ದೊಡ್ಡವರಿಗಾಗಿಯೇ ಬರುತ್ತಿವೆ. ಅದೇ ಬ್ಯಾಟ್‌ಮ್ಯಾನ್, ಅದೇ ಕಪ್ಪು ಮುಸುಕು, ಒಳಗೆ ಬೇರೆಯೇ ಲೋಕ. ಹಾಗಾಗಿ ವಯಸ್ಸಿನ ಗುರುತು ಹುಡುಕಲೇಬೇಕು. ಅದರಲ್ಲೂ ಗೊಂದಲವಿದೆ. ಮಾರ್ವೆಲ್, ಡಿಸಿ ಅಂತ ಅಮೆರಿಕದ ಎರಡು ದೊಡ್ಡ ಕಾಮಿಕ್ಸ್ ಪ್ರಕಾಶಕರು. ‘ಟಿ ಪ್ಲಸ್’ (T+) ಗುರುತು ಅಂದ್ರೆ ಮಾರ್ವೆಲ್‌ನಲ್ಲಿ 13 ತುಂಬಿದವರಿಗೆ, ಡಿಸಿಯ ಹಳೆಯ ಪುಸ್ತಕಗಳಲ್ಲಿ 15 ತುಂಬಿದವರಿಗೆ. ಡಿಸಿ ಈಗ 13+, 17+ ಅಂತ ವಯಸ್ಸನ್ನೇ ಹಾಕುತ್ತದೆ. ಗುರುತಿನ ಮೇಲೆ ಚೀಟಿ ಅಂಟಿಸಿದ್ದರೆ, ಒಳಪುಟದ ಫೋಟೋ ಕೇಳಿದಾಗ ಕೊಡದಿದ್ದರೆ, ಬಿಟ್ಟುಬಿಡಿ.

ಪುಟ್ಟ ಮಕ್ಕಳಿಗೆ ಅಂತಲೇ ಮಾಡಿದ ಸೂಪರ್‌ಹೀರೋ ಪುಸ್ತಕಗಳೂ ಇವೆ. ‘ಸ್ಟೆಪ್ ಇನ್‌ಟು ರೀಡಿಂಗ್’, ‘ಐ ಕ್ಯಾನ್ ರೀಡ್’ ಮಾಲೆಗಳಲ್ಲಿ ಮುಖಪುಟದ ಮೇಲೇ ಎಷ್ಟನೇ ಹಂತ ಅಂತ ಅಂಕಿ ಇರುತ್ತದೆ. ಕ್ಯಾಪಿಟಲ್ ಅಲ್ಲ, ಶಾಲೆಯ ಪುಸ್ತಕದಂತೆ ಸಣ್ಣಕ್ಷರ; ಮೊದಲ ಹಂತದಲ್ಲಿ ಪುಟಕ್ಕೆ ಕೆಲವೇ ಸಾಲು. ಮೊದಲ ಹಂತದ್ದೊಂದನ್ನು ಗೆಳತಿಯಿಂದ ಎರವಲು ತಂದೆ. ಮಗ ನಾಲ್ಕು ಪುಟ ತಾನೇ ಓದಿದ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ.

ನಿನ್ನೆ ಮತ್ತೆ ನೋಡಿದೆ. ಆ ಎಂಟು ಪುಸ್ತಕದ ಸೆಟ್ ಇನ್ನೂ ಮಾರಾಟಕ್ಕಿದೆ. ‘3ರಿಂದ 8 ವರ್ಷ’ ಅಂತಲೇ ಇದೆ.