ಕಾರವಾರದಲ್ಲಿ ಸೂಪರ್ ನಿಂಟೆಂಡೋ ‘ರೇಮನ್’ ಮೂಲ ಕ್ಯಾಸೆಟ್ ಇದೆ ಎನ್ನುವವನನ್ನು ನಂಬಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ಓದಿ. ಬಿಡುಗಡೆಯೇ ಆಗದೆ ನಿಂತುಹೋದ ಟಿವಿ ಗೇಮ್‌ನ ‘ಮೂಲ ಮಾದರಿ ಕ್ಯಾಸೆಟ್’, ಅಂದರೆ ಆಟ ಕಟ್ಟುವಾಗ ತಯಾರಕರೇ ಮಾಡಿಕೊಂಡದ್ದು, ಎಂದು ಯಾರಾದರೂ ತೋರಿಸಿದರೆ, ಟಿವಿಯಲ್ಲಿ ಆಟ ಓಡಿತು ಎಂಬ ಒಂದೇ ಕಾರಣಕ್ಕೆ ಹಣ ಕೊಡಬೇಡಿ. ಆಟ ಓಡುತ್ತದೆ. ಓಡಿಯೇ ಓಡುತ್ತದೆ. ನನ್ನ ಕಣ್ಣ ಮುಂದೆಯೂ ಓಡಿತು. ನಾನು 42,000 ರೂಪಾಯಿ ಕೊಟ್ಟು ಬಂದೆ.

ನಾನು ಶಿರಸಿ ಕಡೆಯವನು. ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ ಕೊಂಡ ಹಳದಿ ಕ್ಯಾಸೆಟ್‌ಗಳಿಂದ ಶುರುವಾದ ಹುಚ್ಚು ಇದು. ಆಮೇಲೆ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಿಂದ ನಮ್ಮ ದೊಡ್ಡಪ್ಪ ಸೂಪರ್ ನಿಂಟೆಂಡೋ ಎಂಬ ಟಿವಿ ಗೇಮ್ ಯಂತ್ರ ತಂದುಕೊಟ್ಟಿದ್ದರು. ಅದು ಇಂದಿಗೂ ಕೆಲಸ ಮಾಡುತ್ತದೆ. ರೇಮನ್ ಆಟವನ್ನು ಮೊದಲು ಆಡಿದ್ದು ಕಾಲೇಜಿನ ದಿನಗಳಲ್ಲಿ, ಕಂಪ್ಯೂಟರ್ ತರಗತಿಯ ಯಂತ್ರದಲ್ಲಿ. ತೋಳಿಲ್ಲ, ಕಾಲಿಲ್ಲ, ಅಂಗೈ ಮತ್ತು ಪಾದಗಳು ಮಾತ್ರ ಗಾಳಿಯಲ್ಲಿ ತೇಲುತ್ತಿರುವ ಆ ಪಾತ್ರವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಅಂಥ ಆಟ ನನ್ನ ಸೂಪರ್ ನಿಂಟೆಂಡೋಗೂ ಬರಬೇಕಿತ್ತು, ಬರಲಿಲ್ಲ ಎಂದು ತಿಳಿದ ದಿನದಿಂದ ಅದೊಂದು ಕೊರಗಾಗಿ ಉಳಿದಿತ್ತು. ಈ ಕೊರಗನ್ನೇ ಕ್ಯಾಸೆಟ್ ಮಾರಿದ ಆ ಕಾರವಾರದವನು ಹಿಡಿದುಕೊಂಡ.

ಸಂಗತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಮನ್ ಜನರ ಕೈಗೆ ಬಂದದ್ದು 1995ರಲ್ಲಿ, ಅಟಾರಿ ಜಾಗ್ವಾರ್, ಪ್ಲೇಸ್ಟೇಷನ್, ಸ್ಯಾಟರ್ನ್ ಯಂತ್ರಗಳಲ್ಲಿ. ಅದಕ್ಕೂ ಮೊದಲು ರೇಮನ್ ಸೃಷ್ಟಿಸಿದ ಮಿಶೆಲ್ ಆನ್ಸೆಲ್ ಮತ್ತು ಜೊತೆಗಾರರು ಅದನ್ನು ಸೂಪರ್ ನಿಂಟೆಂಡೋಗೆಂದು ಕಟ್ಟುತ್ತಿದ್ದರು. ಆ ಆವೃತ್ತಿಯನ್ನು ನಡುದಾರಿಯಲ್ಲೇ ಕೈಬಿಟ್ಟರು. 2016ರಲ್ಲಿ ಆನ್ಸೆಲ್ ಅವರೇ ಹಳೆಯ ಮಾದರಿ ಸಿಕ್ಕಿತೆಂದೂ, 24 ವರ್ಷ ಮಲಗಿದ್ದದ್ದು ಯಂತ್ರಕ್ಕೆ ಹಾಕಿದೊಡನೆ ಎದ್ದಿತೆಂದೂ ಚಿತ್ರ ಸಮೇತ ಜಗತ್ತಿಗೆ ತಿಳಿಸಿದರು. ಇಷ್ಟು ನನಗೆ ಗೊತ್ತಿತ್ತು. ಇಷ್ಟೇ ಗೊತ್ತಿತ್ತು. ಅದರ ಮುಂದಿನ ವರ್ಷ ಏನಾಯಿತು ಎಂಬುದು ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲ ಎಂಬುದನ್ನು ಅವನು ಎರಡೇ ಮಾತಿನಲ್ಲಿ ಪತ್ತೆ ಮಾಡಿದ್ದ ಎಂದು ಈಗ ಅನಿಸುತ್ತದೆ.

ಹಳೆಯ ಟಿವಿ ಗೇಮ್ ಕೊಳ್ಳುವವರು, ಮಾರುವವರು ಇರುವ ವಾಟ್ಸಾಪ್ ಗುಂಪಿನಲ್ಲಿ ಅವನ ಪರಿಚಯವಾಯಿತು. ತನ್ನ ಚಿಕ್ಕಪ್ಪ ಹಡಗಿನಲ್ಲಿ ಕೆಲಸಕ್ಕಿದ್ದರಂತೆ. 1993ರಲ್ಲಿ ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಯಾರೋ ಒಂದು ಪೆಟ್ಟಿಗೆ ಹಳೆಯ ಸಾಮಾನು ಮಾರಿದರಂತೆ. ಅದರಲ್ಲಿ ಈ ಕ್ಯಾಸೆಟ್ ಇತ್ತಂತೆ. ಕಾರವಾರದಲ್ಲಿ ಹಡಗಿಗೆ ಹೋದವರಿರುವ ಮನೆಗಳು ಎಷ್ಟಿಲ್ಲ? ಹಾಗಾಗಿ ನಂಬಿದೆ. “ಆನ್ಸೆಲ್ ಅವರಿಗೆ ಸಿಕ್ಕಿದ್ದು ಒಂದು ಸರ್, ತಯಾರಾಗಿದ್ದು ಒಂದೇ ಅಲ್ಲವಲ್ಲ” ಎಂದ. ಅದೂ ಸರಿ ಎನಿಸಿತು. ಮೊದಲು 60,000 ಕೇಳಿದ, ಕೊನೆಗೆ 42,000ಕ್ಕೆ ಒಪ್ಪಿದ. ಬೇರೆ ಯಾರೋ ಕೇಳುತ್ತಿದ್ದಾರೆ ಎಂದು 5,000 ಮುಂಗಡ ಮೊಬೈಲಿನಲ್ಲೇ ಹಾಕಿಸಿಕೊಂಡ. ಉಳಿದದ್ದು ನಗದು.

ಮೇ ತಿಂಗಳ ಒಂದು ಶನಿವಾರ, ಬೆಳಗಿನ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ ಕಾರವಾರ ಮುಟ್ಟಿದೆ. ಕಡಲತೀರದ ಚಾಪೆಲ್ ಯುದ್ಧನೌಕೆಯ ಹತ್ತಿರ ನಿಂತಿರಿ ಎಂದಿದ್ದ. ಸ್ಕೂಟರಿನಲ್ಲಿ ಬಂದು ಕೋಡಿಬಾಗದ ಕಡೆಗೆ ಒಂದು ಮನೆಗೆ ಕರೆದುಕೊಂಡು ಹೋದ. ಒಳಗೆ ಒಬ್ಬ ವಯಸ್ಸಾದ ತಾಯಿ. ಬಿಸಿಲಿನಲ್ಲಿ ಬಂದಿದ್ದೀರಿ ಎಂದು ಮುರುಗಲು ಹಣ್ಣಿನ ಪಾನಕ ಕೊಟ್ಟರು. ಪಾನಕ ಕೊಟ್ಟ ಮನೆಯಲ್ಲಿ ಮೋಸ ನಡೆಯುತ್ತದೆ ಎಂದು ಯಾರಿಗೆ ತೋಚುತ್ತದೆ ಹೇಳಿ? ಆ ತಾಯಿಗೆ ಇದು ಯಾವುದೂ ಗೊತ್ತಿರಲಿಕ್ಕಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಕ್ಯಾಸೆಟ್ ಹಾಕಿದ. ಟಿವಿ ಬೆಳಗಿತು. ರೇಮನ್ ಬಂದ. ನಡೆಸಿದೆ, ಹಾರಿಸಿದೆ. ಅರೆಬರೆ ಆಟ, ಪೂರ್ತಿ ಕಟ್ಟಿಲ್ಲದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಅಪೂರ್ಣವಾಗಿರುವುದೇ ನನಗೆ ಪುರಾವೆಯಾಗಿ ಕಂಡಿತು. ನನ್ನ ಕೈ ನಡುಗುತ್ತಿತ್ತು. ಮೇಲಿನ ಚೀಟಿ ಕಂದು ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಶಾಯಿಯಲ್ಲಿ ಕೈಬರಹ. “ಒಳಗೆ ಒಮ್ಮೆ ನೋಡಬಹುದೇ?” ಎಂದು ಕೇಳಿದೆ. ಕೇಳಿದ್ದೆ, ಇದನ್ನು ಗಮನಿಸಿ, ಕೇಳಿಯೇ ಕೇಳಿದ್ದೆ. “ಬೇಡ ಸರ್, ಇವತ್ತಿನವರೆಗೆ ಸ್ಕ್ರೂ ಬಿಚ್ಚಿಲ್ಲ. ಬಿಚ್ಚಿದರೆ ನಿಮಗೇ ಬೆಲೆ ಇಳಿಯುತ್ತದೆ” ಎಂದ. ನನ್ನ ಹಿತಕ್ಕೇ ಹೇಳುತ್ತಿದ್ದಾನೆ ಎಂದುಕೊಂಡೆ. 37,000 ರೂಪಾಯಿ ಎಣಿಸಿಕೊಟ್ಟೆ. ಮಳೆಗಾಲಕ್ಕೆ ಮೊದಲು ಅಡಿಕೆ ಕೊನೆಗೆ ಮದ್ದು ಹೊಡೆಸಲು, ಮೈಲುತುತ್ತಕ್ಕೆ ಮತ್ತು ಮರ ಹತ್ತುವ ಕೊನೆಗೌಡರ ಕೂಲಿಗೆ ಎಂದು ತೆಗೆದಿಟ್ಟ ಹಣ ಅದು.

ಹತ್ತು ದಿನ ಸಂತೋಷವಾಗಿದ್ದೆ. ಹನ್ನೊಂದನೆಯ ದಿನ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಬಂದ. ಅವನನ್ನು ಕೂರಿಸಿ, ಕಥೆಯೆಲ್ಲ ಹೇಳಿ, ಕ್ಯಾಸೆಟ್ ಹಾಕಿ ತೋರಿಸಿದೆ. ಅವನು ಏನೂ ಮಾತಾಡದೆ ಮೊಬೈಲ್ ತೆಗೆದು ಏನೋ ಹುಡುಕಿದ. ಐದು ನಿಮಿಷ ಆಗಿರಬಹುದು. “ಮಾವ, ಇದು ಇಲ್ಲೂ ಇದೆ” ಎಂದು ನನ್ನ ಮುಂದೆ ಹಿಡಿದ.

ಅದೇ ರೇಮನ್. ಅದೇ ಹಿನ್ನೆಲೆ. ಅದೇ ಅರೆಬರೆ ಆಟ. ಟಿವಿಯಲ್ಲಿ ನನ್ನದು, ಅಂಗೈಯಲ್ಲಿ ಅವನದು, ಎರಡೂ ಒಟ್ಟಿಗೆ ಓಡುತ್ತಿದ್ದವು. ಅವನದಕ್ಕೆ ಒಂದು ರೂಪಾಯಿಯೂ ಬಿದ್ದಿರಲಿಲ್ಲ. 2016ರಲ್ಲಿ ಸಿಕ್ಕ ಆ ಮಾದರಿಯೊಳಗಿನ ಆಟದ ಪ್ರತಿಯನ್ನು 2017ರಲ್ಲೇ ಓಮರ್ ಕೊರ್ನು ಎಂಬ ಆಟ ತಯಾರಕರು ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಿದ್ದರು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಖಾಲಿ ಚಿಪ್‌ಗೆ ತುಂಬಬಹುದು, ಹಳೆಯ ಕ್ಯಾಸೆಟ್ಟಿನ ಹೊರಕವಚದಲ್ಲಿ ಕೂರಿಸಬಹುದು. ಆನ್ಸೆಲ್ ಅವರಿಗೆ ಸಿಕ್ಕಿದ್ದು ನನಗೆ ಗೊತ್ತಿತ್ತು. ಅದು ಊರೆಲ್ಲ ಹಂಚಿಹೋಗಿದ್ದು ಗೊತ್ತಿರಲಿಲ್ಲ. ಒಂದೇ ಒಂದು ವರ್ಷದ ಸುದ್ದಿ ತಪ್ಪಿದ್ದಕ್ಕೆ 42,000 ರೂಪಾಯಿ. ಹುಡುಗ ನನ್ನ ಮುಖ ನೋಡಿ ಟಿವಿ ಆರಿಸಿದ. “ಅಜ್ಜನಿಗೆ ನಾನು ಹೇಳುವುದಿಲ್ಲ ಮಾವ” ಎಂದ. ಆ ಮಾತು ಇನ್ನೂ ಚುಚ್ಚುತ್ತಿದೆ.

ಆ ಕ್ಯಾಸೆಟ್ಟಿನ ಸ್ಕ್ರೂ ಸಾಮಾನ್ಯ ಸ್ಕ್ರೂಡ್ರೈವರಿಗೆ ಜಗ್ಗುವುದಿಲ್ಲ, 3.8 ಮಿಲಿಮೀಟರಿನ ಬೇರೆಯದೇ ಬಿಟ್ (ಸ್ಕ್ರೂಡ್ರೈವರಿನ ತುದಿ) ಬೇಕು. ತರಿಸಿ ಬಿಚ್ಚಿದೆ. ಒಳಗೆ ಎಳೆಯ ಬಾಳೆಲೆಯ ಹಸಿರಿನ ಹೊಚ್ಚಹೊಸ ಬೋರ್ಡ್. ಆಟ ತಯಾರಾಗುವ ಕಾಲದ ಮಾದರಿಗಳಲ್ಲಿ ಇಪ್ರಾಮ್ ಎಂಬ ಚಿಪ್ ಇರುತ್ತದೆ. ಅದರ ಬೆನ್ನ ಮೇಲೆ ಗಾಜಿನಂತಹ ಒಂದು ಪುಟ್ಟ ಕಿಂಡಿ. ಬರೆದದ್ದನ್ನು ಅಳಿಸಬೇಕಾದರೆ ಆ ಕಿಂಡಿಯ ಮೂಲಕ ಅತಿನೇರಳೆ ಬೆಳಕು ಹಾಯಿಸುತ್ತಾರೆ. ಬೇರೆ ಹೊತ್ತಿನಲ್ಲಿ ಬೆಳಕು ಬೀಳದಂತೆ ಚೀಟಿ ಅಂಟಿಸಿರುತ್ತಾರೆ. ಇಲ್ಲಿ ಕಿಂಡಿಯೂ ಇಲ್ಲ, ಚೀಟಿಯೂ ಇಲ್ಲ. ತೆಳ್ಳನೆಯ ಕರಿ ಚಿಪ್, ಅದರ ಮೇಲೆ ಸಣ್ಣ ಅಕ್ಷರದಲ್ಲಿ 1938 ಎಂಬ ಸಂಖ್ಯೆ. ಭೂತಗನ್ನಡಿ ಹಿಡಿದು ಹುಡುಗನೇ ಓದಿ ಹೇಳಿದ: 2019ನೇ ಇಸವಿಯ 38ನೇ ವಾರ ತಯಾರಾದದ್ದು. 1993ರಲ್ಲಿ ಮಾರ್ಸೇಲ್ ಬಂದರಿನಲ್ಲಿ ಕೊಂಡ ಕ್ಯಾಸೆಟ್ಟಿನೊಳಗೆ 2019ರ ಚಿಪ್. ಆಮೇಲೆ ಒದ್ದೆ ಬಟ್ಟೆಯಿಂದ ಹೊರಗಿನ ಚೀಟಿಯ ಮೂಲೆ ಒರೆಸಿದೆ. ಕಂದು ಬಣ್ಣ ಬಟ್ಟೆಗೆ ಬಂತು, ಕೆಳಗೆ ಬಿಳಿ ಕಾಗದ. ಚಹಾ ಹಚ್ಚಿ ಒಣಗಿಸಿದ್ದ.

ಇನ್ನು ಅವನ ಉತ್ತರಗಳು. ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡಿದ್ದೇನೆ.

ಚಿಪ್‌ನ ಚಿತ್ರ ಕಳುಹಿಸಿ ಇದೇನು ಎಂದು ಕೇಳಿದಾಗ: “ಆಟ ಓಡುತ್ತದೆಯೋ ಇಲ್ಲವೋ ಸರ್?”

ಓಡುತ್ತದೆ, ಆದರೆ ಮೂಲ ಎಂದು ಹೇಳಿ ಮಾರಿದ್ದೀರಿ ಎಂದಾಗ: “ಮೂಲ ಎಂದು ನಾನು ಎಲ್ಲಾದರೂ ಬರೆದುಕೊಟ್ಟಿದ್ದೇನೆಯೇ?”

ನಿಜ, ಬರೆದುಕೊಟ್ಟಿರಲಿಲ್ಲ. ಹಡಗು, ಚಿಕ್ಕಪ್ಪ, ಮಾರ್ಸೇಲ್, ಎಲ್ಲವನ್ನೂ ಕರೆ ಮಾಡಿಯೇ ಹೇಳಿದ್ದ. ಬರಹದಲ್ಲಿ ‘ರೇಮನ್ ಕ್ಯಾಸೆಟ್, ಅಪರೂಪದ್ದು’ ಎಂದಿಷ್ಟೇ ಇದೆ. ಮೊದಲ ದಿನದಿಂದಲೇ ಅಳೆದು ಸುರಿದು ಬರೆದಿದ್ದಾನೆ.

ಕ್ಯಾಸೆಟ್ ವಾಪಸ್ ತೆಗೆದುಕೊಳ್ಳಿ, ಅರ್ಧ ಹಣವಾದರೂ ಕೊಡಿ ಎಂದು ಬೇಡಿಕೊಂಡಾಗ: “ಸ್ಕ್ರೂ ಬಿಚ್ಚಬೇಡಿ ಎಂದು ಹೇಳಿದ್ದೆ. ಬಿಚ್ಚಿದ್ದೀರಿ. ಒಳಗಿನದನ್ನು ನೀವೇ ಬದಲಿಸಿಲ್ಲ ಎಂದು ನಾನು ಹೇಗೆ ನಂಬಲಿ?”

ಇದನ್ನು ಓದಿದಾಗ ಮೈಯೆಲ್ಲ ಉರಿಯಿತು. ಸ್ಕ್ರೂ ಬಿಚ್ಚಬೇಡಿ ಎಂದದ್ದು ಕ್ಯಾಸೆಟ್ಟಿನ ಬೆಲೆ ಉಳಿಸಲು ಅಲ್ಲ, ಈ ಒಂದು ಉತ್ತರಕ್ಕಾಗಿ! ನಾನು ಕಳ್ಳನಾದೆ, ಅವನು ಸಾಚಾ ಆದ. ಪೊಲೀಸರಿಗೆ ದೂರು ಕೊಡುತ್ತೇನೆ ಎಂದು ಬರೆದೆ. ಅಲ್ಲಿಯವರೆಗೆ ಸರ್, ನೀವು ಎನ್ನುತ್ತಿದ್ದವನು ಒಮ್ಮೆಲೇ ಇಳಿದ: “ಹೋಗು. ಮಕ್ಕಳ ಆಟದ ಸಾಮಾನಿಗೆ ಇಷ್ಟು ಕೊಟ್ಟೆ ಎಂದು ನೀನೇ ಹೇಳು, ಅವರೇ ನಗುತ್ತಾರೆ.” ಅದರ ನಂತರ ನನ್ನ ಸಂದೇಶ ಅವನಿಗೆ ತಲುಪುತ್ತಿಲ್ಲ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಮುಂಗಡದ 5,000 ರೂಪಾಯಿಯ ಬಗ್ಗೆ ದೂರು ದಾಖಲಿಸಿದ್ದೇನೆ. ಕೈಯಿಂದ ಕೈಗೆ ಕೊಟ್ಟ 37,000ಕ್ಕೆ ಒಂದು ಚೀಟಿಯೂ ಇಲ್ಲ. ಅಪ್ಪಯ್ಯನಿಗೆ ಕೊನೆಗೆ ನಾನೇ ಹೇಳಿದೆ. ಅವರು ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ಮೈಲುತುತ್ತಕ್ಕೆ ಸೊಸೈಟಿಯಲ್ಲಿ ಸಾಲ ಹೇಳಿ ಬಂದರು. ಬೈದಿದ್ದರೆ ಚೆನ್ನಾಗಿತ್ತು.

ಕೊಳ್ಳುವವರು ದಯವಿಟ್ಟು ಇಷ್ಟು ಮಾಡಿ. ಹಣ ಕೊಡುವ ಮೊದಲು, ಅವನೆದುರಿಗೇ, ಸ್ಕ್ರೂ ಬಿಚ್ಚಿಸಿ ನೋಡಿ. ಬಿಚ್ಚಲು ಬಿಡದವನ ಮನೆಯಿಂದ ಎದ್ದು ಬನ್ನಿ, ಪಾನಕ ಕುಡಿದಿದ್ದರೂ ಸರಿ, ಎದ್ದು ಬನ್ನಿ. ಎಲ್ಲಿಂದ ಬಂತು ಎಂಬ ಕಥೆಯನ್ನು ಅವನ ಕೈಯಲ್ಲೇ ಬರೆಸಿಕೊಳ್ಳಿ. ಆ ಆಟದ ಪ್ರತಿ ಈಗಾಗಲೇ ಹೊರಗೆ ಓಡಾಡುತ್ತಿದೆಯೇ ಎಂದು ಹುಡುಕಿ, ನಾನು ಹುಡುಕಲಿಲ್ಲ. ಇನ್ನೊಂದು ವಿಷಯ. ಇಂಥ ಅಗ್ಗದ ಬೋರ್ಡುಗಳಲ್ಲಿ ಎಷ್ಟೋ ಸಲ 3.3 ವೋಲ್ಟಿನ ಚಿಪ್ ಇರುತ್ತದೆ, ಸೂಪರ್ ನಿಂಟೆಂಡೋ ಕೊಡುವುದು 5 ವೋಲ್ಟ್. ನಡುವೆ ಅದನ್ನು ಹೊಂದಿಸುವ ಭಾಗ ಹಾಕದಿದ್ದರೆ ಯಂತ್ರಕ್ಕೇ ಪೆಟ್ಟು. ದೊಡ್ಡಪ್ಪ ತಂದುಕೊಟ್ಟ ಯಂತ್ರದಲ್ಲಿ ಹತ್ತು ದಿನ ಅದನ್ನು ಓಡಿಸಿದ್ದೇನೆ ಎಂದು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಇದನ್ನೆಲ್ಲ ಇಂದೇ ಬರೆಯಲು ಕಾರಣವಿದೆ. ನಿನ್ನೆ ಕುಮಟಾದ ಒಬ್ಬ ಹುಡುಗ ಕರೆ ಮಾಡಿದ್ದ. ತನ್ನಲ್ಲಿ ‘ಸೋನಿಕ್ ಎಕ್ಸ್‌ಟ್ರೀಮ್’ ಆಟದ ಡಿಸ್ಕ್ ಇದೆ ಎಂದು ಒಬ್ಬ ಆ ಹುಡುಗನಿಗೆ ಹೇಳಿದ್ದಾನಂತೆ. ಸೆಗಾ ಸ್ಯಾಟರ್ನ್‌ಗೆ 1996ರಲ್ಲಿ ಬರಬೇಕಿದ್ದು ಬಾರದೇ ಹೋದ ಆಟ ಅದು. ಮೊಬೈಲ್ ಸಂಖ್ಯೆ ಬೇರೆ. ಆದರೆ ಹಡಗಿನ ಚಿಕ್ಕಪ್ಪ ಅವರೇ, ಮಾರ್ಸೇಲ್ ಬಂದರು ಅದೇ, ಚಾಪೆಲ್ ನೌಕೆಯ ಹತ್ತಿರ ನಿಂತಿರಿ ಎಂಬ ಮಾತೂ ಅದೇ. ಹುಡುಗನ ಮುಂಗಡ ಆಗಲೇ ಹೋಗಿದೆ, ಉಳಿದದ್ದನ್ನು ಈ ಭಾನುವಾರ ಕೊಡುವವನಿದ್ದ. ತಡೆದಿದ್ದೇನೆ. ಇನ್ನೆಷ್ಟು ಜನರ ಜೊತೆ ಮಾತು ನಡೆದಿದೆಯೋ. ಈ ವಾರ ಯಾರಾದರೂ ಇಂಥ ಕೆಲಸಕ್ಕೆ ಕಾರವಾರಕ್ಕೆ ಹೊರಟಿದ್ದರೆ ಮೊದಲು ನನಗೊಂದು ಸಂದೇಶ ಹಾಕಿ. ಕ್ಯಾಸೆಟ್ ಬಿಚ್ಚುವ 3.8ರ ಬಿಟ್ ನನ್ನಲ್ಲಿದೆ, ಶಿರಸಿ ಬಸ್ ನಿಲ್ದಾಣಕ್ಕೆ ತಂದುಕೊಡುತ್ತೇನೆ, ತೆಗೆದುಕೊಂಡು ಹೋಗಿ.