8 ಜಿಬಿ ಲ್ಯಾಪ್‌ಟಾಪ್, ಮೂರು ವರ್ಷ, ಮತ್ತು ಹತ್ತನೇ ತಾರೀಖಿನ ಸಂಜೆ

ತಿಂಗಳಲ್ಲಿ ಇಪ್ಪತ್ತೈದು ದಿನ 8 ಜಿಬಿ ಮೆಮೊರಿಯ (RAM) ಈ ಲ್ಯಾಪ್‌ಟಾಪ್ ಬಗ್ಗೆ ನನ್ನದೇನೂ ತಕರಾರಿಲ್ಲ. ರಗಳೆ ಶುರುವಾಗುವುದು ಹತ್ತನೇ ತಾರೀಖು ಸಂಜೆ. ಶಿವಮೊಗ್ಗದಲ್ಲಿ ಹನ್ನೆರಡು ಅಂಗಡಿಗಳ ಲೆಕ್ಕ ಬರೆಯುವವನು ನಾನು; ತಿಂಗಳ ಮಾರಾಟದ ಲೆಕ್ಕ ಒಪ್ಪಿಸುವ ಜಿಎಸ್‌ಟಿಆರ್-1ಕ್ಕೆ ಹನ್ನೊಂದು ಕಡೇ ದಿನ. ಲೆಕ್ಕ ಬರೆಯುವ ಟ್ಯಾಲಿ, ನಾಲ್ಕೈದು ಎಕ್ಸೆಲ್, ಕ್ರೋಮ್‌ನಲ್ಲಿ ಜಿಎಸ್‌ಟಿ ಪೋರ್ಟಲ್, ಪಕ್ಕದಲ್ಲಿ ಬಿಲ್ ಫೋಟೋ ಬಂದು ಬೀಳುತ್ತಲೇ ಇರುವ ವಾಟ್ಸಾಪ್. ಎಕ್ಸೆಲ್‌ನಿಂದ ಟ್ಯಾಲಿಗೆ ಹೋಗುವಷ್ಟರಲ್ಲಿ ಪರದೆ ಮಂಕಾಗಿ ಚಕ್ರ ತಿರುಗತೊಡಗುತ್ತದೆ.

ಕೊಂಡದ್ದು 2022ರಲ್ಲಿ. 16 ಜಿಬಿ ಮಾದರಿಗೆ ಏಳು ಸಾವಿರ ಹೆಚ್ಚು. 'ಈಗ ಎಂಟು ತಗೊಳ್ಳಿ ಸರ್, ಬೇಕಾದ್ರೆ ಆಮೇಲೆ ಇನ್ನೊಂದು ಎಂಟು ಹಾಕಿಸ್ಕೊಬಹುದು' ಅಂದ ಅಂಗಡಿ ಹುಡುಗ. ನನ್ನ ಜಿಪುಣತನಕ್ಕೆ ಅಷ್ಟು ಸಾಕಾಯಿತು. ಹೋದ ವರ್ಷ ಹಾಕಿಸಲು ಹೋದರೆ, ರಿಪೇರಿಯವರು ಸ್ಕ್ರೂ ಬಿಚ್ಚಿ, ಮೊಬೈಲ್ ಟಾರ್ಚ್ ಹಿಡಿದು, ಮಾತಿಲ್ಲದೆ ನನ್ನ ಕಡೆ ತಿರುಗಿಸಿದರು. ಮೆಮೊರಿ ಚಿಪ್‌ಗಳು ಮದರ್‌ಬೋರ್ಡಿಗೇ ಬೆಸುಗೆ. ಇನ್ನೊಂದನ್ನು ಸಿಕ್ಕಿಸುವ ಸ್ಲಾಟೇ ಇಲ್ಲ. ಬಿಚ್ಚಿ ತೋರಿಸಿದ್ದಕ್ಕೆ ಮುನ್ನೂರು ರೂಪಾಯಿ.

ಬಿಚ್ಚದೆಯೂ ಇದು ಗೊತ್ತಾಗುತ್ತಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. 'ಫಾರ್ಮ್ ಫ್ಯಾಕ್ಟರ್' ಎದುರು 'ಸೋಡಿಮ್' ಎಂದಿದ್ದರೆ ಕಳಚಿ ಹಾಕುವ ಮೆಮೊರಿ ಕಡ್ಡಿ. 'ರೋ ಆಫ್ ಚಿಪ್ಸ್' ಎಂದಿದ್ದರೆ ಬೆಸುಗೆ. ಅಲ್ಲೇ ಇರುವ ಸ್ಲಾಟ್ ಲೆಕ್ಕವನ್ನು ನಂಬಬೇಡಿ, ನನ್ನದರಲ್ಲಿ '2ರಲ್ಲಿ 2' ಎಂದು ಇಲ್ಲದ ಸ್ಲಾಟುಗಳನ್ನೇ ತೋರಿಸುತ್ತಿತ್ತು.

ಆ ಎಂಟು ಜಿಬಿಯೂ ಪೂರ್ತಿ ನಮ್ಮ ಕೈಗೆ ಬರುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಖರ್ಚೂ ಇದರಲ್ಲೇ. ಉಳಿದದ್ದು ಸಾಲದಾದಾಗ ವಿಂಡೋಸ್, ಕೌಂಟರ್ ತುಂಬಿದ ಕಿರಾಣಿಯವನ ಹಾಗೆ, ಸದ್ಯಕ್ಕೆ ಬೇಡದ್ದನ್ನು ಫೈಲುಗಳನ್ನು ಇಡುವ ಎಸ್‌ಎಸ್‌ಡಿ ಎಂಬ ಗೋದಾಮಿಗೆ ಸಾಗಿಸುತ್ತದೆ. ಗಿರಾಕಿ ಕೇಳಿದರೆ ಮತ್ತೆ ಓಡಿ ತರಬೇಕು. ಆ ಚಕ್ರ ತಿರುಗುವುದು ಈ ಓಡಾಟಕ್ಕೆ.

ಇಷ್ಟು ಬೈದರೂ ಮಾರಿಲ್ಲ. ಕಾರಣ ಕೀಬೋರ್ಡ್, ಅದರಲ್ಲೂ ಬಲಗಡೆಯ ನಂಬರ್ ಪ್ಯಾಡ್. ಬೆಳಿಗ್ಗೆ ಆರಕ್ಕೆ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವಾಗ ಹಿಂದಿನ ದಿನದ ಬಿಲ್ಲುಗಳನ್ನು ಎಡಕ್ಕೆ ಪೇರಿಸಿಕೊಂಡು ಕೂರುತ್ತೇನೆ. ಬಲಗೈ ನೋಡದೆಯೇ ಓಡುತ್ತದೆ. ಐದರ ಮೇಲಿನ ಗೀಟು ಸವೆದುಹೋಗಿದೆ, ಆದರೂ ನಡುಬೆರಳಿಗೆ ಜಾಗ ಗೊತ್ತು. ಆ ಹೊತ್ತಿನಲ್ಲಿ ಟ್ಯಾಲಿ ಒಂದೇ ತೆರೆದಿರುತ್ತದೆ, 8 ಜಿಬಿ ಧಾರಾಳ. ಹತ್ತನೇ ತಾರೀಖಿಗೂ ಒಂದು ಉಪಾಯ ಸಿಕ್ಕಿದೆ: ಕ್ರೋಮ್‌ನ ಬಳಸದ ಟ್ಯಾಬ್‌ಗಳನ್ನು ಮಲಗಿಸುವ ಮೆಮೊರಿ ಸೇವರ್ ಹಾಕಿ, ಪೋರ್ಟಲ್ ಒಂದನ್ನು ಮಾತ್ರ ಮಲಗಿಸದಂತೆ ಹೇಳಿಟ್ಟಿದ್ದೇನೆ. ವಾಟ್ಸಾಪ್ ಫೋನಿನಲ್ಲೇ.

ಬರೀ ಟೈಪಿಂಗ್, ಒಂದೆರಡು ಟ್ಯಾಬ್ ಇರುವವರು 8ಕ್ಕೇ ನಿಲ್ಲಿ. ನನ್ನಂಥ ಕೆಲಸಕ್ಕೆ 16. ಖಾಲಿ ಸ್ಲಾಟ್ ಇದ್ದರಷ್ಟೇ 'ಆಮೇಲೆ ನೋಡೋಣ'. 32ರ ಅನುಭವ ನನಗಿಲ್ಲ, ವಿಡಿಯೋ ಎಡಿಟ್ ಮಾಡುವವರನ್ನು ಕೇಳಿ.

ಮೊನ್ನೆ ಅಕ್ಕನ ಮಗಳಿಗೆ ಕೊಡಿಸಲು ಹೋದಾಗ ಡೆಮೊ ಪೀಸ್ ಮೇಲೆ ಆ ಮೂರು ಕೀಲಿ ಒತ್ತಿದೆ. 'ಏನ್ ಮಾವ, ಹ್ಯಾಂಗ್ ಮಾಡಿಬಿಟ್ರಾ?' ಅಂದಳು. ಸೋಡಿಮ್ ಎಂದಿತ್ತು. ಆದರೂ 16ರದ್ದನ್ನೇ ಕೊಡಿಸಿದೆ.