ಏಳು ತಿಂಗಳು ಬಳಸಿದ ಪ್ರೆಗ್ನೆನ್ಸಿ ಆಪ್: ಐದಕ್ಕೆ ಮೂರು ಸ್ಟಾರ್

ಆಪ್ ಹೆಸರು ಹೇಳಲ್ಲ, ಇಂಥವು ಹತ್ತಾರು ಇದಾವೆ. ತೂಕ ಬರ್ಕೊಳ್ಳೋದು, ಬ್ಲಡ್ ರಿಪೋರ್ಟ್ ಅಪ್‌ಲೋಡ್ ಮಾಡೋದು, ಮಗು ಎಷ್ಟು ತೂಕ ಇರ್ಬಹುದು ಅಂತ ಅಂದಾಜು ನೋಡೋದು, ಇಷ್ಟಕ್ಕೇ ನಾನು ಹಾಕ್ಕೊಂಡಿದ್ದು.

ತೂಕದ ಭಾಗ ನಿಜವಾಗ್ಲೂ ಚೆನ್ನಾಗಿದೆ. ಬಸುರಿ ಆಗೋಕ್ ಮುಂಚೆ ಎಷ್ಟು ತೂಕ ಇದ್ರಿ, ಹೈಟ್ ಎಷ್ಟು ಅಂತ ಕೇಳಿ ಬಿಎಂಐ ಹಾಕಿ ಆಮೇಲೇ ಗ್ರಾಫ್ ಕೊಡುತ್ತೆ. ಲೆಕ್ಕ 2009ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟಿದ್ದು: ಬಿಎಂಐ 18.5ಕ್ಕಿಂತ ಕಮ್ಮಿ ಇದ್ರೆ 12.5ರಿಂದ 18 ಕೆಜಿ ಏರ್ಬಹುದು, 30 ದಾಟಿದ್ರೆ 5ರಿಂದ 9 ಸಾಕು. ನಂದು 27, ಅಂದ್ರೆ 7ರಿಂದ 11.5. "ಎರಡು ಜೀವ, ಎಷ್ಟು ತಿಂದ್ರೂ ಕಮ್ಮಿ" ಅನ್ನೋರಿಗೆ ನಾನು ಈ ಗ್ರಾಫ್ ತೋರ್ಸಿ ಬಾಯಿ ಮುಚ್ಚಿಸ್ತಿದ್ದೆ. ಸಣಕಲು ತಾಯಿ ತೂಕಾನೇ ಏರ್ಲಿಲ್ಲ ಅಂದ್ರೆ ಮಗು 2.5 ಕೆಜಿಗಿಂತ ಕಮ್ಮಿ ಹುಟ್ಟೋ ಚಾನ್ಸ್ ಜಾಸ್ತಿ, ವಿಪರೀತ ಏರಿದ್ರೆ 4 ಕೆಜಿ ದಾಟಿ ಹೆರಿಗೆ ಕಷ್ಟ ಆಗೋ ಚಾನ್ಸ್ ಜಾಸ್ತಿ. ಇದನ್ನ ನೀಟಾಗಿ ತಿಳಿಸುತ್ತೆ.

ಎರಡು ಸ್ಟಾರ್ ಕಟ್ ಆಗಿದ್ದು ಕೊಲೆಸ್ಟ್ರಾಲ್‌ಗೆ. ಏಳನೇ ತಿಂಗಳಲ್ಲಿ ರಿಪೋರ್ಟ್ ಹಾಕಿದೆ, ಟೋಟಲ್ ಕೊಲೆಸ್ಟ್ರಾಲ್ 252, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಇನ್ನೊಂದು ಥರದ ಕೊಬ್ಬು) 230, ಸ್ಕ್ರೀನ್ ಪೂರ್ತಿ ಕೆಂಪು! ಹೃದಯಕ್ಕೆ ಅಪಾಯ, ಕೊಬ್ಬು ಬಿಡಿ ಅಂತ ದಿನಾ ಬೆಳಿಗ್ಗೆ ನೋಟಿಫಿಕೇಶನ್. ನಾನೂ ಹೆದರ್ಕೊಂಡು ಎರಡು ವಾರ ಎಣ್ಣೆ ಅಂಶ ಇರೋದನ್ನೆಲ್ಲಾ ಬಿಟ್ಟೆ, ತೂಕ ಒಂದು ಕೆಜಿ ಇಳೀತು, ಡಾಕ್ಟರ್ ಹತ್ರ ಹೋದಾಗ ಅವ್ರು ರಿಪೋರ್ಟ್ ನೋಡಿ "ಅಲ್ಲಮ್ಮಾ, ಬಸುರೀಲಿ ಇದು ಏರೋದೇ" ಅಂದ್ರು. ಟೋಟಲ್ 200 ದಾಟಬಾರ್ದು ಅನ್ನೋ ಗಡಿ ಇರೋದು ಮಾಮೂಲಿ ಜನಕ್ಕೆ. ಮಾಸು (ಪ್ಲಾಸೆಂಟಾ) ಬಸುರಿ ಉಳಿಸೋ ಹಾರ್ಮೋನ್ ಪ್ರೊಜೆಸ್ಟರಾನ್ ಮಾಡೋದೇ ತಾಯಿಯ ಕೊಲೆಸ್ಟ್ರಾಲ್‌ನಿಂದ, ಮಗೂನ ಜೀವಕೋಶಗಳ ಪೊರೆಗೂ ಅದು ಬೇಕು, ಹಂಗಾಗಿ ಟೋಟಲ್ ಕಾಲು ಭಾಗದಿಂದ ಅರ್ಧದಷ್ಟು ಏರುತ್ತೆ, ಟ್ರೈಗ್ಲಿಸರೈಡ್ ಕೊನೇ ತಿಂಗಳುಗಳಲ್ಲಿ ಎರಡು ಮೂರು ಪಟ್ಟು ಆಗುತ್ತೆ. ತೀರಾ ಕಮ್ಮಿ ಇರೋದೂ ಒಳ್ಳೇದಲ್ವಂತೆ, 2007ರಲ್ಲಿ ಅಮೆರಿಕದಲ್ಲಿ ಆದ ಒಂದು ಸ್ಟಡೀಲಿ ಕೊಲೆಸ್ಟ್ರಾಲ್ ತುಂಬಾ ಕಮ್ಮಿ ಇದ್ದ ತಾಯಂದಿರ ಮಕ್ಕಳು ತಿಂಗಳು ತುಂಬಿ ಹುಟ್ಟಿದ್ರೂ ಸರಾಸರಿ 150 ಗ್ರಾಂ ಹಗುರ ಇದ್ವು. ಹಂಗಂತ ಬೇಕು ಅಂತ ಏರಿಸ್ಕೊಳ್ಳೋದೂ ಅಲ್ಲ. ಬಸುರಿಗಿಂತ ಮುಂಚೇನೇ ಕೊಲೆಸ್ಟ್ರಾಲ್ ಜಾಸ್ತಿ ಇದ್ದೋರು, ಮಾತ್ರೆ ತಗೋತಿದ್ದೋರು ಡಾಕ್ಟರ್‌ನೇ ಕೇಳಿ, ಅದು ಬೇರೆ ವಿಷ್ಯ.

ಬೇಜಾರೇನಂದ್ರೆ ತೂಕ, ಶುಗರ್, ಟ್ರೈಗ್ಲಿಸರೈಡ್ ಮೂರೂ ಆಪ್ ಕೈಲೇ ಇದೆ. ದಪ್ಪ ಇರೋ ತಾಯಂದಿರಲ್ಲಿ ಮಗು ದೊಡ್ಡದಾಗೋಕೆ ಶುಗರ್ ಜೊತೆ ಟ್ರೈಗ್ಲಿಸರೈಡ್‌ಗೂ ನಂಟಿದೆ, ಟೋಟಲ್ ಕೊಲೆಸ್ಟ್ರಾಲ್ ಒಂದನ್ನೇ ಹಿಡ್ಕೊಂಡು ಏನೂ ಹೇಳೋಕಾಗಲ್ಲ. ಮೂರನ್ನೂ ಒಟ್ಟಿಗಿಟ್ಟು ನೋಡೋ ಬದ್ಲು ಒಂದೊಂದಕ್ಕೂ ಬಣ್ಣ ಬಳಿಯುತ್ತೆ ಅಷ್ಟೇ. ಮಗು 3.6 ಕೆಜಿ ಅಂತ ಅಂದಾಜು ಹೇಳಿತ್ತು, ಹುಟ್ಟಿದ್ದು 3.1. ಸ್ಕ್ಯಾನಿಂಗ್ ಅಂದಾಜೇ ಹೆಚ್ಚುಕಮ್ಮಿ ಆಗುತ್ತೆ, ಅದಕ್ಕೆ ನಾನು ಸ್ಟಾರ್ ಕಟ್ ಮಾಡಿಲ್ಲ.

ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದ್ದೆ, "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಬಂತು. ಮಗೂಗೀಗ ಆರು ವಾರ. ಇವತ್ತು ಬೆಳಿಗ್ಗೇನೂ ಆ 252ಕ್ಕೆ ಕೊಬ್ಬು ಬಿಡಿ ಅಂತ ಆಪ್ ಎಬ್ಬಿಸ್ತು.